ಊರಿಗೂರೇ ಆರ್.ಸಿ.

ಸಮಾಧಾನಪ್ಪನಿಗೆ ಆ ಹೆಸರಿಟ್ಟ ಪಾದ್ರಿಗಳು ಈಗ ಬದುಕಿಲ್ಲ, ಅದು ಅವರ ಪುಣ್ಯ. ಬದುಕಿದ್ದರೆ ಬೀಳಗಿ ತಾಲೂಕಿನ ಅರ್ಧ ಜನ ಅವರ ಬಾಗಿಲಿಗೆ ಹೋಗಿ, "ಯಾವ ಧೈರ್ಯದ ಮ್ಯಾಲೆ ಇಟ್ರಿ ಈ ಹೆಸರಾ?" ಎಂದು ಜಗ್ಗಿ ಕೇಳುತ್ತಿದ್ದರು. ಆಸಾಮಿ ಬಸ್ ಕಂಡಕ್ಟರ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡವನು. ಬಾಗಿಲಲ್ಲಿ ನಿಂತವರ ಮೇಲೆ ಸಿಟ್ಟು, ಒಳಗೆ ಹೋದವರು ಇನ್ನಷ್ಟು ಒಳಗೆ ಹೋಗಲಿಲ್ಲವೆಂದು ಸಿಟ್ಟು, ಲೋಕಾಪುರಕ್ಕೆ ಇಳಿಯಬೇಕಾದವರು ಮುಧೋಳದಲ್ಲಿ ಎಚ್ಚರಾದರೆ ಅವರಿಗಿಂತ ಮೊದಲು ಇವನಿಗೇ ಸಿಟ್ಟು. ನಿವೃತ್ತಿಯ ದಿನ ಡಿಪೋದವರು ಹಾರ ಹಾಕಿ, ಕೈಮುಗಿದು, ಬಹಳ ಸಂತೋಷದಿಂದ ಕಳಿಸಿಕೊಟ್ಟರು. ಅಂದಿನಿಂದ ಅಷ್ಟೂ ಸಿಟ್ಟನ್ನು ಹೆಂಡತಿ ಶೇವಂತಿ ಒಬ್ಬಳೇ ಸಂಭಾಳಿಸಬೇಕಾಯಿತು. ಅವಳೂ ಏನು ಕಡಿಮೆಯವಳಲ್ಲ, ಹಾಗಾಗಿ ಸಂಸಾರ ಸರಿತೂಕದಲ್ಲಿ ನಡೆದಿತ್ತು.

ಅವನ ನೂರೆಂಟು ಸಿಟ್ಟಿನೊಳಗೆ ಒಂದು ಮಾತ್ರ ಅಪ್ಪಟ ನ್ಯಾಯದ್ದು. ಅದನ್ನು ಮೊದಲು ಹೇಳಿಬಿಡಬೇಕು. ಕೃಷ್ಣೆಯ ಹಿನ್ನೀರು ಏರಿದಾಗ ಅವನ ಊರು ಹೊಳೆಸಂಗಾಪುರ ಮುಳುಗಿತು. ಜನರನ್ನು ಎತ್ತಿ ಗುಡ್ಡದ ಮೇಲೆ ತಂದಿಟ್ಟರು. ಆ ಗುಡ್ಡಕ್ಕೆ ಸರ್ಕಾರ ಇಟ್ಟ ಹೆಸರು ಪುನರ್ವಸತಿ ಕೇಂದ್ರ, ಇಂಗ್ಲಿಷಿನಲ್ಲಿ ರಿಹ್ಯಾಬಿಲಿಟೇಶನ್ ಸೆಂಟರ್. ಅಷ್ಟುದ್ದ ಹೇಳಲು ಯಾರಿಗೆ ಪುರುಸೊತ್ತು? ಕಚೇರಿಯವರು ಆರ್.ಸಿ. ಎಂದರು, ಜನರೂ ಆರ್.ಸಿ. ಎಂದರು. "ಎಲ್ಲಿ ಮಂದಿರಿ?" ಎಂದರೆ "ಆರ್.ಸಿ. ಮಂದಿರಿ." ಮುಳುಗಡೆಯ ನಾಡಿನಲ್ಲಿ ಇದು ರೊಟ್ಟಿ-ಪಲ್ಯದಷ್ಟು ದಿನನಿತ್ಯದ ಮಾತು.

ಆ ಆರ್.ಸಿ.ಯಲ್ಲಿ ಎಲ್ಲ ದೇವರಿಗೂ ಜಾಗ ಸಿಕ್ಕಿತು. ಬಸವಣ್ಣನಿಗೆ ಸಿಕ್ಕಿತು, ದ್ಯಾಮವ್ವನಿಗೆ ಸಿಕ್ಕಿತು, ಮಸೂತಿಗೆ ಸಿಕ್ಕಿತು, ಕಡೆಗೆ ಹಿಟ್ಟಿನ ಗಿರಣಿಗೂ ಸಿಕ್ಕಿತು. ಸಿಗದೆ ಹೋದದ್ದು ಬೆರಳೆಣಿಕೆಯ ಕ್ರೈಸ್ತ ಮನೆಗಳ ಪ್ರಾರ್ಥನಾ ಮಂದಿರಕ್ಕೆ ಮಾತ್ರ. ಹಳೆಯ ಊರನ್ನು ಅಳೆಯಲು ಬಂದಿದ್ದ ಯಾವನೋ ಪುಣ್ಯಾತ್ಮ ಬಿಸಿಲಿಗೆ ಅಂಜಿ ಬೇವಿನ ಗಿಡದ ಕೆಳಗೇ ಕೂತು, ದೂರದಿಂದ ಆ ಕಲ್ಲು ಕಟ್ಟಡ ನೋಡಿ, 'ಗೋದಾಮು' ಎಂದು ಬರೆದುಕೊಂಡು ಹೋಗಿದ್ದ. ಗೋದಾಮಿಗೆ ಗುಡ್ಡದ ಮೇಲೆ ಜಾಗ ಕೊಡುವ ಕಾನೂನು ಇರಲಿಲ್ಲ. ಅಂದಿನಿಂದ ಇವರ ದೇವರು ಸಂತೆ ಬಯಲಿನ ಅಂಚಿನಲ್ಲಿ, ತಗಡಿನ ಚಪ್ಪರದ ಕೆಳಗೆ, ಉಳ್ಳಾಗಡ್ಡಿ ಚೀಲಗಳ ಮಗ್ಗುಲಲ್ಲಿ ಇದ್ದಾನೆ. ಈ ಏಪ್ರಿಲ್‌ನ ಬಿರುಗಾಳಿಗೆ ತಗಡುಗಳೂ ಹಾರಿ ಸಮಾಧಾನಪ್ಪನ ಪಕ್ಕದ ಮನೆ ಸಾವಿತ್ರೆವ್ವನ ಹಿತ್ತಲಿಗೆ ಬಿದ್ದವು. ಎರಡು ಕ್ರೈಸ್ತ ಮನೆಯವರು ಆಗಲೇ ಬನಹಟ್ಟಿಗೆ ಗಂಟುಮೂಟೆ ಕಟ್ಟಿದ್ದರು. ಮಳೆಗಾಲದೊಳಗೆ ತಲೆಯ ಮೇಲೊಂದು ಮಾಡು ಆಗದಿದ್ದರೆ ಉಳಿದವರೂ ಚದುರುವುದು ಖಂಡಿತ. ಮುಳುಗಡೆಗೂ ಮುರಿಯದ ಸಭೆ ಒಂದು ತಗಡಿಗೆ ಮುರಿಯುತ್ತದಲ್ಲ ಎಂದು ಸಮಾಧಾನಪ್ಪ ಹಲ್ಲು ಕಡಿಯುತ್ತಿದ್ದ.

ಅಂಥದರಲ್ಲಿ ಜಮಖಂಡಿಯ ಪಾಸ್ಟರ್ ದೇವಪುತ್ರಪ್ಪನವರು ಶುಭವಾರ್ತೆ ತಂದರು. ಅಮೇರಿಕಾದ ಟೆನೆಸ್ಸಿಯ ಒಂದು ಸಣ್ಣೂರಿನ ಸಭೆಯಿಂದ ಗಂಡ ಹೆಂಡತಿ ಇಬ್ಬರು ಸೇವೆಗೆಂದು ಬರುತ್ತಾರೆ, ಕೈಯಾರೆ ನಿಂತು ಮಾಡು ಹಾಕಿಕೊಡುತ್ತಾರೆ. ಅವರನ್ನು ಕರೆತಂದು ಸಮಾಧಾನಪ್ಪನ ಮನೆಯಲ್ಲಿ ಬಿಟ್ಟ ಪಾಸ್ಟರರಿಗೆ ಅದೇ ಹೊತ್ತಿಗೆ ದವಡೆ ಹಲ್ಲು ಬಾತು, ಮುಖ ಒಂದು ಕಡೆ ಕುಂಬಳಕಾಯಿ ಆಯಿತು. ಅವರು ಹಾಗೇ ಜಮಖಂಡಿಯ ಹಲ್ಲಿನ ಡಾಕ್ಟರ್ ಕಡೆ ಓಡಿದರು. ಹೋಗುವಾಗ ಕೈಸನ್ನೆಯಲ್ಲೇ ಕೇಳಿದರು: ಇಂಗ್ಲಿಷ್?

"ಅದರ ಚಿಂತಿ ನನಗ ಬಿಡ್ರಿ," ಎಂದ ಸಮಾಧಾನಪ್ಪ.

ಬಾದಾಮಿ, ಐಹೊಳೆ ನೋಡಲು ಬರುವ ವಿದೇಶಿಯರು ಅವನ ಬಸ್ಸನ್ನೂ ಹತ್ತುತ್ತಿದ್ದರು. "ಕಮ್ ಕಮ್, ಬ್ಯಾಕ್‌ಸೈಡ್ ಗೋ, ಬಾದಾಮಿ ಲಾಸ್ಟ್" ಎಂದು ಅವರನ್ನು ಹತ್ತಿಸಿ ಇಳಿಸಿದ್ದನ್ನೇ ಅವನು ಊರಲ್ಲಿ 'ಪರದೇಶದವರ ಕೂಡ ತಾಸಗಟ್ಲೆ ಇಂಗ್ಲಿಷ್ ಮಾತಾಡೇನಿ' ಎಂದು ಹೇಳಿಕೊಂಡು ಬಂದಿದ್ದ. ಸುಳ್ಳಲ್ಲ. ತಾಸಗಟ್ಟಲೆ ಮಾತು ಅದೇ ಆಗಿತ್ತು.

ಬಂದವನ ಹೆಸರು ವೇಯ್ನ್. ಆರೂವರೆ ಅಡಿ ಎತ್ತರ, ಮೇ ತಿಂಗಳ ಬಿಸಿಲಿಗೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಸೊಂಟದಲ್ಲಿ ಅಳತೆ ಟೇಪು. ಹೆಂಡತಿ ಲೋರೀನ್ ಮೃದು ಮನಸ್ಸಿನವಳು, ಕರು ನೋಡಿದರೂ ಕಣ್ಣು ತುಂಬಿಕೊಳ್ಳುವಳು. ಇವರ ಬಗ್ಗೆ ಎರಡು ಸಂಗತಿ ತಿಳಿದಿರಲಿ. ಒಂದು, ಇವರ ಸಭೆಯಲ್ಲಿ ದೀಕ್ಷಾಸ್ನಾನ ಎಂದರೆ ಹಣೆಗೆ ನೀರು ಚಿಮುಕಿಸುವುದಲ್ಲ, ಇಡೀ ಆಳನ್ನು ಹೊಳೆಯಲ್ಲಿ ಮುಳುಗಿಸಿ ಎಬ್ಬಿಸಬೇಕು. ಅದಕ್ಕೆ ಅವರು ಇಮ್ಮರ್ಷನ್ ಎನ್ನುತ್ತಾರೆ. ಎರಡು, ಅವರ ಊರಲ್ಲಿ ಆರ್.ಸಿ. ಎಂದರೆ ರೋಮನ್ ಕ್ಯಾಥೋಲಿಕ್, ಅಂದರೆ ಪೋಪರ ಕಡೆಯವರು. ಅವರಿಗೂ ಇವರ ಸಭೆಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ನಮ್ಮಲ್ಲಿ ಹೊಲದ ಬದುವಿಗೆ ಬಡಿದಾಡುವ ಅಣ್ಣತಮ್ಮಂದಿರ ನಡುವೆ ಎಷ್ಟಿರುತ್ತದೋ ಅಷ್ಟಿದೆ. ಸಮಾಧಾನಪ್ಪನಿಗೆ ಇವೆರಡೂ ತಿಳಿದಿರಲಿಲ್ಲ. ಕ್ಯಾಥೋಲಿಕರು ಅವನಿಗೆ ಬರೀ ಕ್ಯಾಥೋಲಿಕರು, ಆರ್.ಸಿ. ಎಂದರೆ ಗುಡ್ಡದ ಮೇಲಿನ ಊರು.

ಮೊದಲ ದಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ವೇಯ್ನ್ ಕೇಳಿದ, "ಈ ಊರಿನ ಹೆಸರೇನು?"

"ಆರ್.ಸಿ., ಸರ್."

ಕಪ್ಪು ಬಾಯಿಯವರೆಗೆ ಹೋಗದೆ ನಿಂತಿತು. "ಆರ್.ಸಿ.? ಇಲ್ಲಿ ಆರ್.ಸಿ. ಇದ್ದಾರೆಯೇ?"

"ಫುಲ್ ಆರ್.ಸಿ.! ದಿಸ್ ಹೌಸ್ ಆರ್.ಸಿ., ದಟ್ ಹೌಸ್ ಆರ್.ಸಿ., ಮೀ ಆಲ್ಸೋ ಆರ್.ಸಿ.!"

ಇನ್ನು ಮುಂದೆ ಸಮಾಧಾನಪ್ಪನ ಇಂಗ್ಲಿಷನ್ನು ಆದಷ್ಟು ಕನ್ನಡದಲ್ಲೇ ಕೊಡಲಾಗಿದೆ. ಇಂಗ್ಲಿಷಿಗೂ ಮಾನ ಮರ್ಯಾದೆ ಇದೆ.

"ನೀವೂ?" ಎಂದ ವೇಯ್ನ್. "ಯಾವಾಗಿನಿಂದ?"

"ಇಪ್ಪತ್ತು ವರ್ಷದ ಮೇಲಾಯಿತು, ಸರ್. ಅದಕ್ಕೂ ಮೊದಲು ನಾವು ಬಹಳ ಒಳ್ಳೆಯ ಜನ. ಸರ್ಕಾರ ಬಂತು, ಒಂದು ಆದೇಶ ಮಾಡಿತು, ಎಲ್ಲರೂ ಆರ್.ಸಿ.!"

"ಸರ್ಕಾರ ನಿಮ್ಮನ್ನು ಆರ್.ಸಿ. ಮಾಡಿತೇ?"

"ಪೊಲೀಸರನ್ನು ಕರೆತಂದು ಮಾಡಿತು! ನನ್ನ ತಾಯಿ ಆರ್.ಸಿ. ಬೇಡ ಎಂದು ಬಾಗಿಲಿಗೆ ಅಡ್ಡ ಮಲಗಿದಳು. ಎತ್ತಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಸಾಯುವ ತನಕ ನಾನು ಆರ್.ಸಿ. ಅಲ್ಲ, ಆರ್.ಸಿ. ಅಲ್ಲ ಎನ್ನುತ್ತಿದ್ದಳು."

ಲೋರೀನ್ ಕಣ್ಣೊರೆಸಿಕೊಂಡಳು. ವೇಯ್ನ್ ದನಿ ಇಳಿಸಿ ಕೇಳಿದ, "ಈಗಲಾದರೂ ನೆಮ್ಮದಿ ಇದೆಯೇ?"

"ಎಲ್ಲಿಯ ನೆಮ್ಮದಿ? ಬರುವ ಮೊದಲು ಆರ್.ಸಿ. ಅಂದರೆ ಸ್ವರ್ಗ ಅಂದರು. ಬೆಳಕಿದೆ, ನೀರಿದೆ ಅಂದರು. ಬಂದ ಮೇಲೆ ತಿರುಗಿ ನೋಡುವವರಿಲ್ಲ."

"ನನಗೆ ಗೊತ್ತಿತ್ತು," ಎಂದು ವೇಯ್ನ್ ಹೆಂಡತಿಯ ಕಡೆ ತಿರುಗಿ ಪಿಸುಗುಟ್ಟಿದ.

ಅಷ್ಟರಲ್ಲಿ ಪಕ್ಕದ ಸಾವಿತ್ರೆವ್ವ ಶೇಂಗಾ ಹೋಳಿಗೆಯ ತಾಟು ಹಿಡಿದು ಬಂದಳು. ಗಂಡ ತೀರಿಕೊಂಡ ಮೇಲೆ ಎತ್ತು, ಹೊಲ, ಓಣಿ ಮೂರನ್ನೂ ಒಬ್ಬಳೇ ಆಳುವ ಹೆಂಗಸು. ಹಣೆಯ ತುಂಬ ಮೂರು ಬೆರಳಿನ ವಿಭೂತಿ. ವೇಯ್ನ್ ಆ ವಿಭೂತಿಯನ್ನೇ ನೋಡುತ್ತ, "ಈ ತಾಯಿಯೂ ಆರ್.ಸಿ.ಯೇ?" ಎಂದ.

"ಸಾವಿತ್ರೆವ್ವಾ, ನೀನೂ ಆರ್.ಸಿ. ಹೌದಲ್ಲೋ ಅಂತ ಕೇಳಾಕತ್ತಾರ."

"ಮತ್ತ? ನಾ ಏನ್ ಇನ್ನೂ ಹೊಳ್ಯಾಗ ಅದೇನೇನು?"

"ಎಸ್ ಸರ್," ಎಂದು ತರ್ಜುಮೆ ಮಾಡಿದ ಸಮಾಧಾನಪ್ಪ.

ವೇಯ್ನನ ದೇಶದಲ್ಲಿ ಕ್ಯಾಥೋಲಿಕರು ವರ್ಷಕ್ಕೊಂದು ಬುಧವಾರ ಹಣೆಗೆ ಬೂದಿಯ ಬೊಟ್ಟು ಇಟ್ಟುಕೊಳ್ಳುತ್ತಾರೆ. ಇಲ್ಲಿ ನೋಡಿದರೆ ಯಾವ ಹಬ್ಬವೂ ಇಲ್ಲದ ಮಂಗಳವಾರ, ಕಿವಿಯಿಂದ ಕಿವಿಗೆ ಮೂರು ಸಾಲು ಬೂದಿ! ಇಷ್ಟು ಗಟ್ಟಿ ಆರ್.ಸಿ.ಗಳನ್ನು ರೋಮ್ ನಗರದಲ್ಲೂ ಕಾಣುವುದು ಕಷ್ಟ ಎಂದು ಅವನಿಗೆ ಅನಿಸಿತು.

ಆಮೇಲೆ ಊಟಕ್ಕೆ ಕೂತವನು 'ಹಸಿವಿಲ್ಲ' ಎಂದು ತಾಟು ಬಿಟ್ಟು ಎದ್ದ. ಫೋನು ಹಿಡಿದು ಅಂಗಳದಲ್ಲಿ ತಿರುಗಾಡುತ್ತ ತನ್ನೂರಿನ ಹಿರಿಯರ ಜೊತೆ ಗುಸುಗುಸು ನಡೆಸಿದ. ಇತ್ತ ಅಡುಗೆಮನೆಯಲ್ಲಿ ಶೇವಂತಿ ಕೆಂಡವಾದಳು. "ನನ್ನ ಬದ್ನಿಕಾಯಿ ಎಣ್ಣಿಗಾಯಿ ಬಿಟ್ಟು ಎದ್ದವ್ರನ್ನ ಇಷ್ಟ ವರ್ಷದಾಗ ಕಂಡಿಲ್ಲ ನಾ. ಏನಂದ್ರಿ ಅವಂಗ?"

"ಊರಿನ ಕಷ್ಟಾ ಹೇಳ್ದೆ."

"ಉಣ್ಣೂ ಹೊತ್ತಿನ್ಯಾಗ ಕಷ್ಟಾ ಹೇಳ್ತಾರೇನ್ರಿ, ಶಾಣ್ಯಾರು?"

ಮರುದಿನ ಬೆಳಿಗ್ಗೆ ವೇಯ್ನ್ ಮುಖ ಗಂಟು ಹಾಕಿಕೊಂಡೇ ಬಂದು ಕೂತ. "ಸಹೋದರ, ನಮ್ಮ ಹಿರಿಯರು ಒಪ್ಪುತ್ತಿಲ್ಲ. ಆರ್.ಸಿ.ಗೆ ನಾವು ಮಾಡು ಹಾಕಲಾರೆವು. ನೀವು ಆರ್.ಸಿ. ಬಿಟ್ಟು ಬನ್ನಿ, ನಾಳೆಯೇ ಕೆಲಸ ಹಚ್ಚುತ್ತೇನೆ."

ಸಮಾಧಾನಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಶೇವಂತೀ, ಕೇಳಿದೇನ? ಆರ್.ಸಿ. ಬಿಟ್ಟು ಬರ್ರಿ ಅಂತಾನ! ಇದನ್ನ ಹೇಳಾಕ ಅಷ್ಟ ದೂರದಿಂದ ಇಮಾನ ಹತ್ತಿ ಬಂದಾನ!"

"ಬಿಟ್ಟು ಎಲ್ಲಿಗೆ ಹೋಗೂದಂತ ಕೇಳ್ರಿ ಅವನ್ನ. ಅವರ ಊರಾಗ ಮನಿ ಕಟ್ಟಿ ಇಟ್ಟಾನಂತೇನು?"

ಅವನು ಕೇಳಿದ. ವೇಯ್ನ್ ಶಾಂತವಾಗಿ, "ಮೊದಲು ಎಲ್ಲಿದ್ದಿರೋ ಅಲ್ಲಿಗೆ," ಎಂದ.

"ಮೊದಲು ಇದ್ದದ್ದು ನೀರಿನ ಕೆಳಗೆ ಹೋಯಿತು, ಸರ್! ಅಂಡರ್ ವಾಟರ್! ಫುಲ್!"

ವೇಯ್ನ್ ಎದ್ದು ನಿಂತ. "ನೀರಿನ ಕೆಳಗೆ? ಇಮ್ಮರ್ಷನ್?" ಎಂದು ಅಂಗೈಯನ್ನು ಮಲಗಿಸಿ, ಮುಳುಗಿಸಿ, ಎತ್ತಿ ತೋರಿಸಿದ.

ಆ ಶಬ್ದ ಸಮಾಧಾನಪ್ಪನ ಬಸ್ಸನ್ನು ಎಂದೂ ಹತ್ತಿರಲಿಲ್ಲ. ಆದರೆ ಕೈಸನ್ನೆ ನೋಡಿದರೆ ಗೊತ್ತಾಗುವುದಿಲ್ಲವೇ? ಮುಳುಗಡೆ! "ಎಸ್ ಎಸ್, ಇಮ್ಮರ್ಷನ್! ಫುಲ್ ಇಮ್ಮರ್ಷನ್!"

"ನಿಮ್ಮ ಮನೆಯವರಷ್ಟೆಯೋ?"

"ಇಡೀ ಊರು! ಗೌಡರ ವಾಡೆ, ಬಸವಣ್ಣನ ಗುಡಿ, ಶಾಲೆ, ಎಲ್ಲ ಇಮ್ಮರ್ಷನ್."

"ಗುಡಿಯವರೂ? ಮಸೀದಿಯವರು?"

"ಮಸೂತಿ ಎಲ್ಲರಿಗಿಂತ ಮೊದಲು ಇಮ್ಮರ್ಷನ್, ಸರ್. ಅದು ಹೊಳೆಗೆ ಹತ್ತಿರ."

ವೇಯ್ನ್ ಅವನನ್ನು ಬಾಚಿ ತಬ್ಬಿಕೊಂಡ. ಅಂದರೆ ಒಂದು ಕಾಲಕ್ಕೆ ಇಡೀ ಊರಿಗೆ ಊರೇ ನೀರಲ್ಲಿ ಮುಳುಗಿತ್ತು. ಆಮೇಲೆ ಸರ್ಕಾರ ಪೊಲೀಸರನ್ನು ಕಳಿಸಿ ಎಲ್ಲರನ್ನೂ ಬಲವಂತದಿಂದ ಆರ್.ಸಿ. ಮಾಡಿತು! ಹೌದೋ ಅಲ್ಲವೋ? "ಕರೆಕ್ಟ್ ಸರ್, ನೂರಕ್ಕೆ ನೂರು," ಎಂದ ಸಮಾಧಾನಪ್ಪ, ಅಪ್ಪುಗೆಯೊಳಗಿಂದಲೇ. ಒಂದಕ್ಷರ ಸುಳ್ಳಿಲ್ಲ. ಇಷ್ಟು ಸತ್ಯ ಹೇಳಿ ಇಷ್ಟು ತಪ್ಪು ತಿಳಿಸಿದ ದುಭಾಷಿ ಕೃಷ್ಣೆಯ ಈಚೆ ಇನ್ನೊಬ್ಬ ಹುಟ್ಟಿಲ್ಲ.

"ಹಾಗಾದರೆ ಭಾನುವಾರ ಮತ್ತೆ ಇಮ್ಮರ್ಷನ್ ಇಟ್ಟುಕೊಳ್ಳೋಣ," ಎಂದ ವೇಯ್ನ್ ಉತ್ಸಾಹದಿಂದ. "ಯಾರಿಗೆ ಮನಸ್ಸಿದೆಯೋ ಅವರು ಬರಲಿ. ಆರ್.ಸಿ. ಹೋಗಲಿ, ನೀರು ಬರಲಿ! ನಾನು ಎಲ್ಲ ತಯಾರಿ ಮಾಡಿಕೊಂಡೇ ಬಂದಿದ್ದೇನೆ."

ಸಮಾಧಾನಪ್ಪನ ಕಿವಿಗೆ ಬಿದ್ದದ್ದು ಇಷ್ಟೇ: ಭಾನುವಾರ, ಮತ್ತೆ ಮುಳುಗಡೆ, ಆರ್.ಸಿ. ಹೋಗುತ್ತದೆ.

ಈ ಸೀಮೆಯಲ್ಲಿ ಮುಳುಗಡೆ ಎಂದರೆ ತೊಟ್ಟಿಲ ಕೂಸೂ ಎದ್ದು ಕೂರುತ್ತದೆ. ಆಣೆಕಟ್ಟಿನ ಎತ್ತರ ಇನ್ನೂ ಏರಿಸುತ್ತಾರಂತೆ, ಈ ವರ್ಷ ಏರಿಸುತ್ತಾರಂತೆ, ಬರುವ ವರ್ಷವಂತೆ ಎಂಬ ಮಾತು ಕೇಳಿ ಕೇಳಿ ಜನರ ಕರುಳು ತೂತು ಬಿದ್ದಿದೆ. ಈ ಆರೂವರೆ ಅಡಿ ಆಳು ಮಾಡು ಹಾಕಲು ಬಂದವನಲ್ಲ, ಮುಳುಗಿಸಲು ಬಂದವನು! ಸಮಾಧಾನಪ್ಪ ಜಮಖಂಡಿಗೆ ಫೋನು ಹಚ್ಚಿದ. ಪಾಸ್ಟರರ ಬಾಯಿಯ ತುಂಬ ಅರಳೆ.

"ಪಾಸ್ಟರ್, ಐತವಾರ ಮುಳುಗಿಸೂ ಕಾರ್ಯಕ್ರಮ ಐತೇನ್ರಿ?"

ಜಮಖಂಡಿ ಸಭೆಯ ಒಂದಿಬ್ಬರು ತರುಣರಿಗೆ ಆ ಭಾನುವಾರ ವೇಯ್ನನಿಂದ ದೀಕ್ಷಾಸ್ನಾನ ಎಂದು ಪಾಸ್ಟರರು ಮೊದಲೇ ಗೊತ್ತುಮಾಡಿದ್ದರು. "ಊಂ," ಎಂದರು.

"ಮತ್ತ ನೀವು ನಮಗ ಒಂದ ಮಾತು ಹೇಳಲಿಲ್ಲಲ್ರೀ!" ಎಂದು ಚೀರಿ ಇವನು ಫೋನಿಟ್ಟ.

ಮುಂದಿನದನ್ನು ಹೇಳುವ ಅಗತ್ಯವೇ ಇಲ್ಲ. ಶೇವಂತಿ ಗೋಡೆಯ ಮೇಲಿಂದ ಸಾವಿತ್ರೆವ್ವನಿಗೆ ಹೇಳಿದಳು. ಸಾವಿತ್ರೆವ್ವ ಗಿರಣಿಯಲ್ಲಿ ಹೇಳಿದಳು. ಗಿರಣಿಯಿಂದ ಹಿಟ್ಟಿನ ಜೊತೆ ಸುದ್ದಿಯೂ ಮನೆಮನೆಗೆ ಹೋಯಿತು. ಚಹಾದಂಗಡಿ ತಲುಪುವ ಹೊತ್ತಿಗೆ ವೇಯ್ನ್ ಅಮೇರಿಕಾದ ಆಣೆಕಟ್ಟಿನ ಇಂಜಿನಿಯರ್ ಆಗಿದ್ದ. "ಸೊಂಟದಾಗ ಅಳತಿ ಟೇಪ್ ನೋಡಿದ್ರಿಲ್ಲೋ?" ಎಂದ ಒಬ್ಬ. "ಟೇಪ್ ಯಾಕ ಬೇಕ್ರಿ, ಆಳ ಅಳ್ಯಾಕ ಅಂತs ಅಷ್ಟುದ್ದ ಮನಷ್ಯಾನ್ನ ಆರಿಸಿ ಕಳಿಸ್ಯಾರ," ಎಂದ ಇನ್ನೊಬ್ಬ. ಪಂಚಾಯಿತಿ ಅಧ್ಯಕ್ಷ ಗುರುಸಿದ್ದ ಟೇಬಲ್ ಕುಟ್ಟಿ ಘೋಷಿಸಿದ: "ನನ್ನ ಅಧ್ಯಕ್ಷಗಿರಿಯೊಳಗ ಮುಳುಗಡಿ ಆಗಾಕ ಬಿಡಾಂಗಿಲ್ಲ. ಆಗೂದಿದ್ರ ಮುಂದಿನವನ ಕಾಲಕ್ಕ ಆಗ್ಲಿ!"

ಕಳೆದ ಸಲ ಮುಳುಗುವ ಗಡಿಗೆ ಸರ್ವೆಯವರು ನೆಟ್ಟ ಕಲ್ಲುಗಳನ್ನು ಜನ ಸುಮ್ಮನೆ ನೋಡುತ್ತ ನಿಂತಿದ್ದರು. ಈ ಸಲ ಒಂದು ಕಲ್ಲು ನೆಡುವಷ್ಟರಲ್ಲಿ ಕಿತ್ತೆಸೆಯುವುದೆಂದು ತೀರ್ಮಾನವಾಯಿತು. ಗುದ್ದಲಿ, ಸಲಿಕೆ, ಹಾರೆ, ಕೈಗೆ ಸಿಕ್ಕಿದ್ದನ್ನು ಹೆಗಲ ಮೇಲೆ ಹೊತ್ತು ಊರು ಸಮಾಧಾನಪ್ಪನ ಮನೆಗೆ ನುಗ್ಗಿತು.

ಕಿಟಕಿಯಿಂದ ನೋಡಿದ ವೇಯ್ನ್ ಹಿಗ್ಗಿ ಹೀರೆಕಾಯಿಯಾದ. "ಲೋರೀನ್, ನೋಡು! ಭಾನುವಾರದವರೆಗೂ ತಡೆಯಲಾರದೆ ಇಂದೇ ಬಂದುಬಿಟ್ಟಿದ್ದಾರೆ!" ಎಂದು ಪೆಟ್ಟಿಗೆ ತೆಗೆದು, ದೀಕ್ಷಾಸ್ನಾನಕ್ಕೆಂದು ತಂದಿದ್ದ ಉದ್ದನೆಯ ಬಿಳಿ ನಿಲುವಂಗಿಗಳನ್ನು ತೋಳಿನ ತುಂಬ ಹೊತ್ತು ಹೊರಗೆ ಬಂದ. ಎಲ್ಲರಿಗೂ ಸಾಕಾಗಲಿಕ್ಕಿಲ್ಲ ಎಂಬುದೊಂದೇ ಅವನ ಚಿಂತೆ.

ಬಿಳಿ ಬಟ್ಟೆ ಕಂಡ ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಸಾವಿತ್ರೆವ್ವನ ದನಿ ಎದ್ದಿತು. "ಅಯ್ಯ ಇವನ ಬಾಯಾಗ ಮಣ್ಣ ಹಾಕ್ಲಿ! ಮುಳುಗಿಸೂದಲ್ಲದ ಹೆಣಕ್ಕ ಹೊಚ್ಚೂ ಬಟ್ಟೀನೂ ತಂದಾನ್ರೇ!" ಎಂದವಳೇ ಒಂದು ನಿಲುವಂಗಿ ಕಸಿದು ನೆಲಕ್ಕೆ ಒಗೆದಳು.

"ಏನನ್ನುತ್ತಾರೆ ತಾಯಿ?" ಎಂದ ವೇಯ್ನ್.

"ಅಳತೆ ಸರಿಯಿಲ್ಲ ಅಂತಾರೆ, ಸರ್," ಎಂದ ಸಮಾಧಾನಪ್ಪ. ದುಭಾಷಿಯಾಗಿ ಅವನು ಬೇಕೆಂದೇ ಹೇಳಿದ ಸುಳ್ಳು ಇದೊಂದೇ.

ಅಷ್ಟರಲ್ಲಿ ಗುರುಸಿದ್ದ ಫೋನು ಮಾಡಿ ಕರೆಸಿದ್ದ ಪುನರ್ವಸತಿ ಅಧಿಕಾರಿ ರಘೂತ್ತಮರಾಯರ ಜೀಪು ಧೂಳೆಬ್ಬಿಸಿ ಬಂತು. ಜನ ಮುತ್ತಿದರು. "ಐತವಾರ ಮುಳುಗಡಿ ಐತೋ ಇಲ್ಲೋ, ಒಂದ ಮಾತನ್ಯಾಗ ಹೇಳ್ರಿ!"

ಇಲ್ಲ ಎಂದುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ರಾಯರು ಹಳೆಯ ಅಧಿಕಾರಿ. ಮೇಲಿನವರು ತಮಗೆ ತಿಳಿಸದೆಯೇ ಏನಾದರೂ ಮಾಡಿದ್ದರೆ? ಅವರು ಗಂಟಲು ಸರಿಮಾಡಿಕೊಂಡರು. "ನೋಡ್ರಿ, ಈಗಿಂದೀಗ ಏನೂ ಹೇಳ್ಲಿಕ್ಕೆ ಬರೂದಿಲ್ಲ. ಆದ್ರ ಗಾಬರಿ ಆಗೂ ಕಾರಣ ಇಲ್ಲ. ಮುಳುಗಿಸಿದ್ರೂ ಹಂತ ಹಂತವಾಗಿ ಮುಳುಗಿಸ್ತೀವಿ."

ಆ ಮಾತಿಗೆ ಎದ್ದ ಗದ್ದಲ ದೂರದ ಸಾವಳಗಿಗೂ ಕೇಳಿಸಿರಬೇಕು. ಅದರ ನಡುವೆ ದಾರಿ ಮಾಡಿಕೊಂಡು ವೇಯ್ನ್ ರಾಯರ ಎದುರು ಬಂದು ನಿಂತ. ಅವನೂ ಈಗ ಸಿಟ್ಟಿನಲ್ಲಿದ್ದ.

"ಈ ಬಡಜನರನ್ನು ಬಲವಂತದಿಂದ ಆರ್.ಸಿ. ಮಾಡಿದವರು ನೀವೇ ಏನು?"

ರಾಯರಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. "ನಾನಲ್ಲ, ನನಗಿಂತ ಹಿಂದಿನವರು. ನಾನು ಮೊನ್ನೆಯಷ್ಟೇ ವರ್ಗವಾಗಿ ಬಂದವನು. ನನ್ನ ಕೈಕೆಳಗೆ ಇಂಥ ಆರ್.ಸಿ.ಗಳು ಬೇಕಾದಷ್ಟಿವೆ."

"ಇದು ಪೋಪರಿಗೆ ಗೊತ್ತಿದೆಯೇ?"

"ಯಾವ ಪೋಪರು? ನಮ್ಮ ಇಲಾಖೆಯಲ್ಲಿ ಆ ಹುದ್ದೆಯೇ ಇಲ್ಲ."

"ಪೋಪರಿಲ್ಲದೆ ರೋಮನ್ ಕ್ಯಾಥೋಲಿಕ್ ಹೇಗಾಗುತ್ತದೆ?"

"ಯಾರ್ರೀ ಕ್ಯಾಥೋಲಿಕ್? ಇದು ರಿಹ್ಯಾಬಿಲಿಟೇಶನ್ ಸೆಂಟರ್!"

ವೇಯ್ನನ ಮೆಣಸಿನಕಾಯಿ ಮುಖ ಸುಣ್ಣದಂತಾಯಿತು. ಅವನು ಸಮಾಧಾನಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಹಾಗಾದರೆ... ಇಮ್ಮರ್ಷನ್?"

ಸಮಾಧಾನಪ್ಪ ಇಳಿಜಾರಿನ ಕಡೆ ಕೈ ತೋರಿಸಿದ. ಬೇಸಿಗೆಗೆ ಹಿನ್ನೀರು ಸರಿದಿತ್ತು. ಕೆಸರಿನೊಳಗಿಂದ ಮೊಂಡು ಗೋಡೆಗಳು, ಗುಡಿಯ ಕಟ್ಟೆ, ಬಾಗಿಲಿಲ್ಲದ ಚೌಕಟ್ಟುಗಳು ಎದ್ದು ನಿಂತಿದ್ದವು. ಓಣಿಗಳು ಓಣಿಗಳಾಗಿಯೇ ಕಾಣುತ್ತಿದ್ದವು. ವೇಯ್ನ್ ಬಹಳ ಹೊತ್ತು ನೋಡಿದ.

ರಾಯರು ಅತ್ತ ವೇಯ್ನನಿಂದ ಇತ್ತ ಜನರಿಗೆ, ಇತ್ತ ಜನರಿಂದ ಅತ್ತ ವೇಯ್ನನಿಗೆ ಎಲ್ಲ ಬಿಡಿಸಿ ಹೇಳಿದರು. ಇವರು ಇಂಜಿನಿಯರ್ ಅಲ್ಲ. ಭಾನುವಾರ ನಡೆಯುವುದು ಇವರ ಸಭೆಯ ಸ್ನಾನ. ಮುಳುಗುವುದು ಊರಲ್ಲ, ಮನಸ್ಸಿದ್ದ ಒಂದಿಬ್ಬರು. ಅವರನ್ನೂ ಕೂಡಲೇ ಎಬ್ಬಿಸುತ್ತಾರೆ. ಗುದ್ದಲಿ ಹೊತ್ತು ಬಂದವರಿಗೆ ಈಗ ಸಿಟ್ಟು ಇಳಿಸಲು ಜಾಗವಿಲ್ಲದಂತಾಯಿತು. ಎಲ್ಲರೂ ಒಟ್ಟಿಗೆ ಸಮಾಧಾನಪ್ಪನ ಕಡೆ ತಿರುಗಿದರು.

"ನಿನ್ನ ಇಂಗ್ಲಿಷಿಗಿಷ್ಟ ಬೆಂಕಿ ಹಚ್ಚಾ!" ಎಂದ ಗುರುಸಿದ್ದ. "ತಾಸಗಟ್ಲೆ ಮಾತಾಡೇನಿ ಅಂತಿದ್ದೆಲ್ಲೋ? ಊರನ್ನs ಮುಳುಗಿಸಿ ಎಬ್ಬಿಸಿದೆಲ್ಲೋ!"

ಜನ ನಕ್ಕರು. ಸಮಾಧಾನಪ್ಪ ಜೀವಮಾನವಿಡೀ ಸಿಟ್ಟಾದದ್ದೆಲ್ಲ ಬರೀ ತಾಲೀಮು ಎಂಬಂತೆ ಈಗ ಸಿಟ್ಟಾದ. ದನಿ ಏರಲಿಲ್ಲ, ಅದೇ ವಿಶೇಷ.

"ಹೌದ್ರಿ, ನನ್ನ ಇಂಗ್ಲಿಷ್ ಖೊಟ್ಟಿ. ಬರೂದಿಲ್ಲ ನನಗ. ಆದ್ರ ನಾ ಅವನ ಮುಂದ ಹೇಳಿದ್ರಾಗ ಯಾವ ಮಾತು ಸುಳ್ಳ ಐತಿ, ಹೇಳ್ರಿ. ಪೊಲೀಸರು ಬಂದದ್ದು ಸುಳ್ಳೇನು? ನಮ್ಮವ್ವ ಬಾಗಲಿಗೆ ಅಡ್ಡ ಬಿದ್ದದ್ದು ಸುಳ್ಳೇನು? ನಿಮ್ಮ ದೇವರಿಗೆಲ್ಲಾ ಜಾಗಾ ಸಿಕ್ತು, ಛಲೋ ಆತು. ನಮ್ಮದಕ್ಕ ಗೋದಾಮು ಅಂದ್ರು. ಆವಾಗ ಒಬ್ಬರರ ಗುದ್ದಲಿ ತಗೊಂಡು ಬಂದ್ರೇನ್ರಿ?"

ನಗು ನಿಂತಿತು. ರಘೂತ್ತಮರಾಯರು ತಗ್ಗಿದ ದನಿಯಲ್ಲಿ, "ದಾಖಲೆಯೊಳಗ ಗೋದಾಮು ಅಂತs ಅದ, ನಾ ಏನ್ ಮಾಡ್ಲಿ," ಎಂದರು.

"ಗೋದಾಮು?" ಸಾವಿತ್ರೆವ್ವ ಮುಂದೆ ಬಂದಳು. ನಿಲುವಂಗಿ ಒಗೆದ ಕೈ ಇನ್ನೂ ಸೊಂಟದ ಮೇಲಿತ್ತು. "ಗೋದಾಮಿನ್ಯಾಗ ಗಂಟಿ ಇರ್ತೈತೇನ್ರಿ, ಸಾಹೇಬರ? ಅದರ ಗಂಟಿ ಕೇಳಿ ನಾವು ಎಮ್ಮಿ ಹಿಂಡತಿದ್ವಿ. ನನ್ನ ಗಂಡ ಸತ್ತಾಗ ಹೊರಗ ಜಡಿಮಳಿ, ಮಣ್ಣಿಗೆ ಬಂದ ಬೀಗರನ್ನ ಎಲ್ಲಿ ಮಲಗಸ್ಲಿ ಅಂತ ನಾ ಅಳಾಕತ್ರ, ಇವರು ಬಾಗಲಾ ತಗದು ಚಾಪಿ ಹಾಸಿದ್ರು. ಅದಕ್ಕ ಗೋದಾಮು ಅಂತ ಬರದಾಂವ ಯಾಂವಾ? ಕರೀರಿ ಅವನ್ನ."

ಅವನು ನಿವೃತ್ತನಾಗಿ ಎಲ್ಲಿಯೋ ಮೊಮ್ಮಕ್ಕಳನ್ನು ಆಡಿಸುತ್ತಿರಬೇಕು. ಕರೆಯುವುದಾದರೂ ಯಾರನ್ನು? ಗುರುಸಿದ್ದನಿಗೆ ಗಾಳಿ ಯಾವ ಕಡೆ ಬೀಸುತ್ತದೆಂದು ಬೇಗ ತಿಳಿಯುತ್ತದೆ, ಅದಕ್ಕೇ ಅವನು ಅಧ್ಯಕ್ಷ. "ಸಂತಿ ಬಯಲಿನ ಮೂಡಲ ಮೂಲಿ ಖಾಲಿ ಬಿದ್ದೈತಿ. ಪಂಚಾಯ್ತಿದು ಏನೂ ತಕರಾರಿಲ್ಲ. ಸಾಹೇಬರು ಹೂಂ ಅಂದ್ರ ಆತು," ಎಂದು ಚೆಂಡನ್ನು ರಾಯರ ಕಡೆ ಒಗೆದ.

"ಹಂಗ ಹೂಂ ಅನ್ಲಿಕ್ಕೆ ಬರೂದಿಲ್ಲ. ಮೊದಲು ಪ್ರಸ್ತಾವನೆ ಹೋಗಬೇಕಾಗ್ತದ," ಎಂದರು ರಾಯರು ಜೀಪಿನ ಕಡೆ ಹೆಜ್ಜೆ ಹಾಕುತ್ತ.

ಸಾವಿತ್ರೆವ್ವ ಜೀಪಿನ ಮುಂದಿನ ಗಾಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕೂತುಬಿಟ್ಟಳು. "ಪ್ರಸ್ತಾವನಿ ಹೋಗ್ಲಿ. ಜೀಪು ಹೋಗಾಂಗಿಲ್ಲ."

ಒಬ್ಬೊಬ್ಬರಾಗಿ ಊರೆಲ್ಲ ಕೂತಿತು. ರಾಯರು ಬೆವರಿದರು, ಮೇಲಿನವರಿಗೆ ಫೋನು ಮಾಡಿದರು, ಮೇಲಿನವರು ಊಟಕ್ಕೆ ಹೋಗಿದ್ದರು. ಕೊನೆಗೆ, "ಸರಿ, ನೀವು ಪಾಯಾ ತೋಡ್ಕೊಳ್ರಿ, ನಾ ನೋಡಿಲ್ಲ ಅಂತ ಹೇಳ್ತೀನಿ," ಎಂದರು.

"ನೋಡಿಲ್ಲ ಅಂದಿದ್ದಕ್ಕs ಗೋದಾಮು ಆಗಿದ್ದು," ಎಂದ ಸಮಾಧಾನಪ್ಪ. "ನೀವು ನಿಂತು ನೋಡ್ರಿ."

ಹಾಗಾಗಿ ಮಧ್ಯಾಹ್ನದ ಉರಿಬಿಸಿಲಲ್ಲಿ, ಬೇವಿನ ಗಿಡವೂ ಇಲ್ಲದ ಬಯಲಿನ ಮೂಲೆಯಲ್ಲಿ, ರಘೂತ್ತಮರಾಯರು ಅಳತೆ ಟೇಪಿನ ಒಂದು ತುದಿ ಹಿಡಿದು ನಿಂತರು. ಇನ್ನೊಂದು ತುದಿ ವೇಯ್ನನ ಕೈಯಲ್ಲಿತ್ತು. ಅದಕ್ಕೆ ಮೊದಲು ಅವನು ತನ್ನೂರಿಗೆ ಫೋನು ಮಾಡಿ ಹಿರಿಯರನ್ನು ಎಬ್ಬಿಸಿ, ಯಾರ ಮಾತಿಗೂ ಎಡೆ ಕೊಡದೆ ಬೈದಿದ್ದ. ಏನು ಬೈದನೆಂದು ಯಾರಿಗೂ ತಿಳಿಯಲಿಲ್ಲ. ಆದರೆ ಅವನ ಮುಖ ಮತ್ತೆ ಕೆಂಪಾದದ್ದು ನೋಡಿ ಜನರಿಗೆ ಅವನ ಮೇಲೆ ವಿಶ್ವಾಸ ಬಂತು. ಕಲ್ಲು ಕೀಳಲು ತಂದಿದ್ದ ಗುದ್ದಲಿ, ಹಾರೆಗಳು ಹೇಗೂ ಹೆಗಲ ಮೇಲಿದ್ದವು. ಸಿಟ್ಟು ಇನ್ನೂ ಆರಿರಲಿಲ್ಲ. ಗುದ್ದಲಿಗಳು ಬೀಳತೊಡಗಿದವು.

"ಬಾಗಿಲು ಯಾವ ಕಡೆ?" ಎಂದು ವೇಯ್ನ್ ಸನ್ನೆ ಮಾಡಿ ಕೇಳಿದ.

"ಹೊಳಿ ಕಡೆ," ಎಂದ ಸಮಾಧಾನಪ್ಪ. "ಹಳೇದು ಹಂಗs ಇತ್ತು."

"ಬ್ಯಾಡ."

ಎಲ್ಲರೂ ತಿರುಗಿ ನೋಡಿದರು. ಜೀಪು ಬಂದಾಗಿನಿಂದ ಬಾಯಿ ಬಿಡದಿದ್ದ ಶೇವಂತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಣ್ಣಿನ ಬುಟ್ಟಿ ಹಿಡಿದು ನಿಂತಿದ್ದಳು. ಅವಳ ಕಣ್ಣು ಇಳಿಜಾರಿನ ಕೆಳಗಿನ ಮೊಂಡು ಗೋಡೆಗಳ ಮೇಲಿತ್ತು.

"ಹೊಳಿಗೆ ಬೆನ್ನ ಮಾಡಿ ಕಟ್ರಿ. ಮುಂಜಾನೆದ್ರ ಅದನ್ನs ನೋಡೇವಿ, ನೀರಿಗೆ ಹೋದ್ರ ಅದನ್ನs ನೋಡೇವಿ. ದೇವರ ಮುಂದ ಕುಂತಾಗರ ನಾವು ಮುಳುಗಿದ್ದು ನಮಗ ಕಾಣಬಾರ್ದು."

"ಏನಂದರು?" ಎಂದು ವೇಯ್ನ್ ಕೇಳಿದ.

ಸಮಾಧಾನಪ್ಪ ಇಂಗ್ಲಿಷ್ ಹುಡುಕಲು ಹೋಗಲಿಲ್ಲ. ರಾಯರ ಕೈಯಿಂದ ಟೇಪಿನ ತುದಿ ಇಸಿದುಕೊಂಡು, ಹೊಳೆಯ ಕಡೆ ಬಿಟ್ಟು ಆಚೆ ಬದಿಗೆ ನಡೆದ. ಹೊಳೆಗೆ ಬೆನ್ನು ಮಾಡಿ ನಿಂತು, ಬಾಗಿಲು ಇಲ್ಲಿ ಎಂದು ಕಾಲಿನಿಂದ ಮಣ್ಣಿನಲ್ಲಿ ಗೆರೆ ಎಳೆದ.